ಮರಳು ದಿಣ್ಣೆಗಳ ಮೇಲಿನ ಸೈಸ್ಮಿಕ್ ದತ್ತಾಂಶವನ್ನು ತಿದ್ದುವುದು ಹೇಗೆ: ಹೆಡರ್‌ನಿಂದ ಅಂತಿಮ ಡೇಟಮ್‌ವರೆಗೆ

ಮರುಭೂಮಿಯ ಸೈಸ್ಮಿಕ್ ದತ್ತಾಂಶದೊಂದಿಗೆ (ನೆಲವನ್ನು ಕಂಪಿಸಿ, ಆಳದ ಪದರಗಳಿಂದ ಹಿಂದಿರುಗುವ ಅಲೆಗಳ ದಾಖಲೆ) ಹೆಣಗುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ಉಳಿಕೆ ಸ್ಟಾಟಿಕ್ ಎಷ್ಟು ಸುತ್ತು ಓಡಿಸಿದರೂ ಪ್ರತಿಫಲನಗಳು ಒಂದು ಗೆರೆಗೆ ಬರುತ್ತಿಲ್ಲ, ಏನು ಮಾಡಲಿ?” ಇದಕ್ಕಿಂತ ಅಪಾಯಕಾರಿಯಾದ ಇನ್ನೊಂದು ಸ್ಥಿತಿಯಿದೆ. ಸ್ಟ್ಯಾಕ್, ಅಂದರೆ ಹಲವು ದಾಖಲೆಗಳನ್ನು ಕೂಡಿಸಿ ಪಡೆದ ಚಿತ್ರ, ನೋಡಲು ಚೆನ್ನಾಗಿಯೇ ಇರುತ್ತದೆ, ಗೆರೆಗಳು ತೀಕ್ಷ್ಣವಾಗಿರುತ್ತವೆ, ಆದರೆ ಪ್ರತಿ ದೊಡ್ಡ ದಿಣ್ಣೆಯ ಕೆಳಗೂ ಆಳದ ಪದರಗಳು ಕುಸಿದಂತೆಯೋ ಉಬ್ಬಿದಂತೆಯೋ ಕಾಣುತ್ತವೆ. ಆ ಉಬ್ಬನ್ನು ನಂಬಿ ಬಾವಿ ಕೊರೆದರೆ ನಷ್ಟ ಸಣ್ಣದಲ್ಲ.

ಎರಡೂ ತೊಂದರೆಗಳು ಹುಟ್ಟುವುದು ಒಂದೇ ಜಾಗದಲ್ಲಿ: ಮರಳಿನ ದಪ್ಪದಿಂದಾಗುವ ವಿಳಂಬವನ್ನು ಸರಿಯಾಗಿ ಕಳೆಯುವ ಮೊದಲೇ ಉಳಿಕೆ ಸ್ಟಾಟಿಕ್‌ಗೆ ಕೈ ಹಾಕುವುದರಲ್ಲಿ. ಸ್ಟಾಟಿಕ್ ಎಂದರೆ ನೆಲದ ಮೇಲ್ಪದರದಿಂದಾದ ವಿಳಂಬವನ್ನು ಕಳೆಯಲು ಒಂದು ಬಿಂದುವಿನ ದಾಖಲೆಯನ್ನು ಪೂರ್ತಿಯಾಗಿ ಸಮಯದಲ್ಲಿ ಸರಿಸುವ ತಿದ್ದುಪಡಿ. ಅದಾದ ಮೇಲೂ ಉಳಿದ ದೋಷಕ್ಕೆ ಹಾಕುವುದು ಉಳಿಕೆ ಸ್ಟಾಟಿಕ್. ಅದು ಪಕ್ಕಪಕ್ಕದ ಬಿಂದುಗಳ ಸಣ್ಣ ವ್ಯತ್ಯಾಸವನ್ನು ಮಾತ್ರ ಸರಿಪಡಿಸಬಲ್ಲದು. ಒಂದು ಇಡೀ ದಿಣ್ಣೆಯಷ್ಟು ಅಗಲವಾದ ದೋಷ ಅದರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಕ್ರಮಕ್ಕೇ ಹೆಚ್ಚು ಒತ್ತು ಕೊಟ್ಟಿದ್ದೇನೆ. ಹಂತಗಳನ್ನು ಹಿಂದೆಮುಂದೆ ಮಾಡಬೇಡಿ.

ಉದಾಹರಣೆಗೆ ಮುಖ್ಯವಾಗಿ ಅರೇಬಿಯಾದ ರುಬ್ ಅಲ್ ಖಾಲಿ ಮರುಭೂಮಿಯನ್ನು ಇಟ್ಟುಕೊಂಡಿದ್ದೇನೆ. ಸೌದಿ ಅರೇಬಿಯಾದ ಶೈಬಾ ತೈಲಕ್ಷೇತ್ರದ ಸುತ್ತ 200 ಮೀಟರ್‌ನಷ್ಟು ಎತ್ತರದ ದಿಣ್ಣೆಗಳಿವೆ. ಅವುಗಳ ನಡುವೆ ಸಬ್ಖಾ ಎಂದು ಕರೆಯುವ ಚಪ್ಪಟೆಯಾದ, ಗಟ್ಟಿಯಾದ ಉಪ್ಪುನೆಲವಿದೆ. ಕಂಪನ ತರಂಗ ದಿಣ್ಣೆಯಲ್ಲಿ ತೆವಳುತ್ತದೆ, ಸಬ್ಖಾದಲ್ಲಿ ಓಡುತ್ತದೆ. ನಮ್ಮ ಕಷ್ಟವೆಲ್ಲ ಈ ವ್ಯತ್ಯಾಸದ್ದು. ರಾಜಸ್ಥಾನದ ಥಾರ್‌ನಲ್ಲಿ ದಿಣ್ಣೆಗಳು ಇಷ್ಟು ಎತ್ತರವಿಲ್ಲ, ಆದರೆ ಅವುಗಳ ತಳ ಅಷ್ಟೇ ಚಪ್ಪಟೆಯಾಗಿರುತ್ತದೆ ಎನ್ನುವಂತಿಲ್ಲ. ಅಲ್ಲಿ ಬೇರೆ ಎಚ್ಚರ ಬೇಕು. ಮೂರನೆಯ ಹಂತದಲ್ಲಿ ಹೇಳುತ್ತೇನೆ.

ಕೆಲಸಕ್ಕೆ ಕೂರುವ ಮೊದಲು ಕೈಯಲ್ಲಿರಬೇಕಾದವು

ತಿದ್ದದ ಮೂಲ ದತ್ತಾಂಶ, ಅಂದರೆ ಕ್ಷೇತ್ರದಿಂದ ಬಂದ ಸೆಗ್-ವೈ ಅಥವಾ ಸೆಗ್-ಡಿ ಕಡತಗಳು. ಸರ್ವೆ ತಂಡ ಕೊಟ್ಟ ಶಾಟ್ (ಕಂಪನ ಹುಟ್ಟಿಸುವ) ಮತ್ತು ರಿಸೀವರ್ (ಅದನ್ನು ದಾಖಲಿಸುವ) ಬಿಂದುಗಳ ನಿರ್ದೇಶಾಂಕ ಮತ್ತು ಎತ್ತರ. ಅಪ್‌ಹೋಲ್ ಬಾವಿಗಳ (ಮೇಲ್ಪದರದ ವೇಗ ಅಳೆಯಲು ಕೊರೆದ ಸಣ್ಣ ಬಾವಿಗಳು) ಓದು, ಎಷ್ಟೇ ಕಡಿಮೆ ಇದ್ದರೂ. ವೀಕ್ಷಕರ ದಿನಚರಿ: ಯಾವ ಶಾಟ್ ಎಲ್ಲಿಗೆ ಸರಿಸಲಾಯಿತು, ಎಲ್ಲಿ ಬುಲ್ಡೋಜರ್ ಓಡಿತು ಎಂಬುದೆಲ್ಲ ಅದರಲ್ಲೇ ಇರುತ್ತದೆ. ಜೊತೆಗೆ ಆ ಪ್ರದೇಶದ ಎತ್ತರ ಮಾದರಿ ಮತ್ತು ಉಪಗ್ರಹ ಚಿತ್ರ.

ತಂತ್ರಾಂಶಕ್ಕೆ ಹಣವಿಲ್ಲದಿದ್ದರೆ ನಿಲ್ಲಬೇಕಾಗಿಲ್ಲ. ಕೊಲೊರಾಡೊ ಸ್ಕೂಲ್ ಆಫ್ ಮೈನ್ಸ್‌ನಲ್ಲಿ ರೂಪುಗೊಂಡ ಸೈಸ್ಮಿಕ್ ಯುನಿಕ್ಸ್ ಉಚಿತ. ಎತ್ತರದ ಸ್ಟಾಟಿಕ್‌ಗೂ ಉಳಿಕೆ ಸ್ಟಾಟಿಕ್‌ಗೂ ಅದರಲ್ಲಿ ಪ್ರತ್ಯೇಕ ಆದೇಶಗಳಿವೆ. ನಕ್ಷೆ ಮತ್ತು ಎತ್ತರದ ಕೆಲಸಕ್ಕೆ ಕ್ಯೂಜಿಐಎಸ್, ವಕ್ರೀಭವನ ಟೊಮೊಗ್ರಫಿಗೆ (ಗಟ್ಟಿ ಪದರದ ಉದ್ದಕ್ಕೂ ಓಡಿ ಬಂದ ಅಲೆಗಳ ಸಮಯದಿಂದ ವೇಗದ ಚಿತ್ರ ಕಟ್ಟುವುದು) ಪೈಜಿಮ್ಲಿ, ರೇಖೆ ಹೊಂದಿಸಲು ಪೈಥಾನ್ ಸಾಕು. ವಿದ್ಯಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ: ದುಬಾರಿ ತಂತ್ರಾಂಶದ ಗುಂಡಿ ಒತ್ತಿ ಕಲಿಯುವುದಕ್ಕಿಂತ ಒಂದು ಸಾಲನ್ನಾದರೂ ಕೈಯಾರೆ ಲೆಕ್ಕ ಹಾಕಿ ಮುಗಿಸಿ.

ಹಂತ 1: ಹೆಡರ್‌ನಲ್ಲಿ ಈಗಾಗಲೇ ಏನಿದೆ ಎಂದು ನೋಡಿ

ಯಾರೋ ಮೊದಲೇ ಸ್ಟಾಟಿಕ್ ಹಾಕಿಟ್ಟ ದತ್ತಾಂಶಕ್ಕೆ ಮತ್ತೊಮ್ಮೆ ಸ್ಟಾಟಿಕ್ ಹಾಕುವುದು ಎಲ್ಲೆಡೆ ಕಾಣುವ ತಪ್ಪು. ಟ್ರೇಸ್ ಎಂದರೆ ಒಂದು ಶಾಟ್‌ಗೆ ಒಂದು ರಿಸೀವರ್‌ನಲ್ಲಿ ಸಿಕ್ಕ ದಾಖಲೆ, ಹೆಡರ್ ಎಂದರೆ ಅದರ ತಲೆಯಲ್ಲಿರುವ ವಿವರ. ಸೆಗ್-ವೈ ಟ್ರೇಸ್ ಹೆಡರ್‌ನ 99–100ನೆಯ ಬೈಟ್‌ಗಳಲ್ಲಿ ಶಾಟ್‌ನ ಸ್ಟಾಟಿಕ್, 101–102ರಲ್ಲಿ ರಿಸೀವರ್‌ನ ಸ್ಟಾಟಿಕ್, 103–104ರಲ್ಲಿ ಈಗಾಗಲೇ ಅನ್ವಯಿಸಿದ ಒಟ್ಟು ಸ್ಟಾಟಿಕ್ ಇರಬೇಕು. ಕೊನೆಯದು ಸೊನ್ನೆಯಲ್ಲದಿದ್ದರೆ ಅಲ್ಲೇ ನಿಂತು ವಿಚಾರಿಸಿ. ಸೊನ್ನೆಯಿದ್ದರೂ ನಿಶ್ಚಿಂತೆ ಬೇಡ, ಹೆಡರ್ ತುಂಬದೆ ಬಿಡುವವರು ಬಹಳ. ಸಬ್ಖಾದ ಮೇಲೊಂದು, ದಿಣ್ಣೆಯ ತುದಿಯಲ್ಲೊಂದು ರಿಸೀವರ್ ಆರಿಸಿ, ಒಂದೇ ಶಾಟ್‌ಗೆ ಅವುಗಳ ಮೊದಲ ಆಗಮನಗಳನ್ನು ಹೋಲಿಸಿ. ತಿದ್ದದ ದತ್ತಾಂಶದಲ್ಲಿ ದೂರದ ವ್ಯತ್ಯಾಸ ಕಳೆದ ಮೇಲೂ ದಿಣ್ಣೆಯ ಮೇಲಿನ ಆಗಮನ ಎದ್ದು ಕಾಣುವಷ್ಟು ತಡವಾಗಿರಬೇಕು. ತಡವಾಗಿಲ್ಲವೆಂದರೆ ಯಾರೋ ಈಗಾಗಲೇ ಕೈಯಾಡಿಸಿದ್ದಾರೆ.

ಎತ್ತರ ಇರುವುದು 41–44ರಲ್ಲಿ ರಿಸೀವರ್‌ಗೆ, 45–48ರಲ್ಲಿ ಶಾಟ್‌ಗೆ. ಇವುಗಳ ಗುಣಕ 69–70ರಲ್ಲಿ. ಗುಣಕ ಋಣಾತ್ಮಕವಾಗಿದ್ದರೆ ಭಾಗಿಸಬೇಕು, ಧನಾತ್ಮಕವಾಗಿದ್ದರೆ ಗುಣಿಸಬೇಕು. ಇದನ್ನು ಮರೆತರೆ 180 ಮೀಟರ್‌ನ ಬಿಂದು 1,800 ಮೀಟರ್ ಆಗಿ ಕುಳಿತಿರುತ್ತದೆ.

ಚಿಹ್ನೆಯ ಒಪ್ಪಂದವನ್ನೂ ಈಗಲೇ ಬರೆದಿಟ್ಟುಕೊಳ್ಳಿ. ಈ ಬರಹದಲ್ಲಿ ಋಣ ಚಿಹ್ನೆ ಟ್ರೇಸನ್ನು ಮೇಲಕ್ಕೆ, ಅಂದರೆ ಕಡಿಮೆ ಸಮಯದ ಕಡೆಗೆ ಸರಿಸುತ್ತದೆ. ಕೆಲವು ತಂತ್ರಾಂಶಗಳಲ್ಲಿ ಇದು ತಿರುಗುಮುರುಗು. ಪೂರ್ತಿ ದತ್ತಾಂಶಕ್ಕೆ ಅನ್ವಯಿಸುವ ಮೊದಲು ಒಂದೇ ಟ್ರೇಸ್ ಮೇಲೆ ಪರೀಕ್ಷಿಸಿ.

ಹಂತ 2: ಎತ್ತರಗಳನ್ನು ನಂಬುವ ಮೊದಲು ಪರೀಕ್ಷಿಸಿ

ಮರಳಿನ ಮೇಲ್ಭಾಗದಲ್ಲಿ ತರಂಗ ಬಹಳ ನಿಧಾನ. ಅಲ್ಲಿ ಒಂದು ಮೀಟರ್ ಎತ್ತರದ ತಪ್ಪು ಎರಡು ಮಿಲಿಸೆಕೆಂಡ್‌ನಷ್ಟು ದೋಷ ತರಬಲ್ಲದು. ಗಟ್ಟಿ ನೆಲದಲ್ಲಿ ಅದೇ ತಪ್ಪು ಅರ್ಧ ಮಿಲಿಸೆಕೆಂಡ್‌ಗೆ ಮುಗಿಯುತ್ತಿತ್ತು.

ಹಾಗಾಗಿ ಎತ್ತರ ಬರಬೇಕಾದದ್ದು ಕ್ಷೇತ್ರದ ಜಿಪಿಎಸ್ ಅಳತೆಯಿಂದ. ಉಪಗ್ರಹದ ಎತ್ತರ ಮಾದರಿಯನ್ನು ಪರಿಶೀಲನೆಗೆ ಮಾತ್ರ ಬಳಸಿ. ಎಲ್ಲರೂ ಇಳಿಸಿಕೊಳ್ಳುವ ಎಸ್‌ಆರ್‌ಟಿಎಂ ಮಾದರಿಯ ಅಳತೆ ನಡೆದದ್ದು 2000ದ ಫೆಬ್ರವರಿಯಲ್ಲಿ, ಅದರ ವಿನ್ಯಾಸದಲ್ಲಿ ಒಪ್ಪಿಕೊಂಡ ಎತ್ತರದ ದೋಷವೇ 16 ಮೀಟರ್. ಅದೂ ಅಲ್ಲದೆ ದಿಣ್ಣೆಗಳು ನಡೆಯುತ್ತವೆ. ಅರ್ಧಚಂದ್ರಾಕಾರದ ಸಣ್ಣ ಬರ್ಖಾನ್ ದಿಣ್ಣೆಗಳು ವರ್ಷಕ್ಕೆ ಹತ್ತಾರು ಮೀಟರ್ ಸರಿಯಬಲ್ಲವು. ಹಳೆಯ ಮಾದರಿಯಲ್ಲಿ ದಿಣ್ಣೆಯಿದ್ದ ಕಡೆ ಇಂದು ಬಯಲಿರಬಹುದು.

ಇನ್ನೆರಡು ವಿಷಯಗಳನ್ನು ಬಿಡಬೇಡಿ. ಜಿಪಿಎಸ್ ಕೊಡುವುದು ದೀರ್ಘವೃತ್ತಜದ ಮೇಲಿನ ಎತ್ತರ, ನಮಗೆ ಬೇಕಾದದ್ದು ಸಮುದ್ರಮಟ್ಟದ ಮೇಲಿನದು. ಶಾಟ್‌ಗಳಿಗೆ ಒಂದು, ರಿಸೀವರ್‌ಗಳಿಗೆ ಇನ್ನೊಂದು ಸೇರಿಕೊಂಡರೆ ಇಡೀ ಸಮೀಕ್ಷೆ ಸದ್ದಿಲ್ಲದೆ ಓರೆಯಾಗುತ್ತದೆ. ಎರಡನೆಯದು ಬುಲ್ಡೋಜರ್. ನೆಲವನ್ನು ಕಂಪಿಸುವ ವೈಬ್ರೇಟರ್ ವಾಹನಗಳು ದಿಣ್ಣೆ ಹತ್ತಲು ದಾರಿ ಕಡಿಯುವಾಗ ಹಲವು ಮೀಟರ್ ಮರಳು ಅತ್ತಿತ್ತ ಹೋಗುತ್ತದೆ. ಶಾಟ್ ಬಿಂದುವಿನ ಎತ್ತರವನ್ನು ದಾರಿ ಕಡಿದ ನಂತರ ಅಳೆದಿದ್ದಾರೆಯೇ ಎಂದು ದಿನಚರಿಯಲ್ಲಿ ನೋಡಿ. ಮೊದಲು ಅಳೆದದ್ದಾದರೆ ಆ ಸಾಲಿನ ಶಾಟ್ ಸ್ಟಾಟಿಕ್‌ಗಳೆಲ್ಲ ಅನುಮಾನದ ಪಟ್ಟಿಗೆ ಸೇರುತ್ತವೆ.

ಹಂತ 3: ದಿಣ್ಣೆಯ ತಳವನ್ನು ಗುರುತಿಸಿ

ಮರಳಿನ ದಪ್ಪ ಎಂದರೆ ಮೇಲ್ಮೈ ಎತ್ತರದಿಂದ ತಳದ ಎತ್ತರವನ್ನು ಕಳೆದದ್ದು. ಮೇಲ್ಮೈ ಸಿಕ್ಕಿತು, ತಳ ಕಣ್ಣಿಗೆ ಕಾಣುವುದಿಲ್ಲ.

ರುಬ್ ಅಲ್ ಖಾಲಿಯ ಸಬ್ಖಾ ಇರುವ ಭಾಗಗಳಲ್ಲಿ ಕೆಲಸ ಸುಲಭ. ಉಪಗ್ರಹ ಚಿತ್ರದಲ್ಲಿ ಸಬ್ಖಾದ ಅಂಚುಗಳನ್ನು ಗುರುತಿಸಿ, ಅಲ್ಲಿನ ಎತ್ತರಗಳನ್ನು ಆರಿಸಿ, ಅವುಗಳ ನಡುವೆ ನಯವಾದ ಮೇಲ್ಮೈಯನ್ನು ಹೆಣೆಯಿರಿ. ಆ ಮೇಲ್ಮೈ ದಿಣ್ಣೆಗಳ ಕೆಳಗೂ ಹಾಗೆಯೇ ಮುಂದುವರಿಯುತ್ತದೆ ಎಂದು ಭಾವಿಸುವುದಕ್ಕೆ ಅಲ್ಲಿ ಆಧಾರವಿದೆ: ಸಬ್ಖಾದ ಮಟ್ಟವನ್ನು ಅಂತರ್ಜಲ ಹಿಡಿದಿಟ್ಟಿರುತ್ತದೆ, ಅಂತರ್ಜಲದ ಮಟ್ಟ ಹೆಚ್ಚು ಏರಿಳಿಯುವುದಿಲ್ಲ.

ಇಲ್ಲಿ ಆಗುವ ತಪ್ಪು, ಕಂಡ ತಗ್ಗುಗಳನ್ನೆಲ್ಲ ತಳವೆಂದು ಹಿಡಿಯುವುದು. ಎರಡು ದಿಣ್ಣೆಗಳ ನಡುವಿನ ಕಣಿವೆಯಲ್ಲಿ ಇನ್ನೂ 30 ಮೀಟರ್ ಮರಳು ಇರಬಹುದು. ಬಣ್ಣ, ಹೊಳಪು ನೋಡಿ ಗಟ್ಟಿ ನೆಲವೆಂದು ಖಚಿತವಾದ ಬಿಂದುಗಳನ್ನು ಮಾತ್ರ ಇಟ್ಟುಕೊಳ್ಳಿ. ಹತ್ತು ಅನುಮಾನದ ಬಿಂದುಗಳಿಗಿಂತ ಮೂರು ಖಚಿತ ಬಿಂದುಗಳು ಮೇಲು.

ದಿಣ್ಣೆಗಳು ಒಂದಕ್ಕೊಂದು ಕೂಡಿಕೊಂಡು ನೆಲವೇ ಕಾಣದ ಕಡೆಗಳಲ್ಲಿ, ಮತ್ತು ಥಾರ್‌ನಂತಹ ಪ್ರದೇಶಗಳಲ್ಲಿ, ಈ ಉಪಾಯ ಸಾಲದು. ಜೈಸಲ್ಮೇರ್ ಸುತ್ತಮುತ್ತ ಮರಳಿನ ಕೆಳಗೆ ಕಲ್ಲಿನ ದಿಬ್ಬವಿರಬಹುದು, ಹಳೆಯ ಮೆಕ್ಕಲು ಇರಬಹುದು, ಸುಣ್ಣ ಕಟ್ಟಿದ ಗಟ್ಟಿ ಪದರವಿರಬಹುದು. ಅಲ್ಲಿ ತಳವನ್ನು ಅಪ್‌ಹೋಲ್ ಮತ್ತು ವಕ್ರೀಭವನದಿಂದಲೇ ಕಂಡುಕೊಳ್ಳಬೇಕು.

ಇನ್ನೊಂದು ಸೂಕ್ಷ್ಮವಿದೆ. ನೀರು ತುಂಬಿದ ಮರಳಿನಲ್ಲಿ ತರಂಗದ ವೇಗ ಒಮ್ಮೆಲೇ ಸೆಕೆಂಡಿಗೆ 1,500 ಮೀಟರ್ ದಾಟುತ್ತದೆ. ಆದ್ದರಿಂದ ನಮ್ಮ ಲೆಕ್ಕಕ್ಕೆ ಬರುವುದು ಒಣ ಮರಳು ಮಾತ್ರ. ಅಂತರ್ಜಲ ಮಟ್ಟ ದಿಣ್ಣೆಯ ಬುಡಕ್ಕಿಂತ ಮೇಲಿದ್ದರೆ ಅಂತರ್ಜಲವನ್ನೇ ತಳವೆಂದು ಹಿಡಿಯಿರಿ.

ಹಂತ 4: ಸ್ಯಾಂಡ್ ಕರ್ವ್ ಕಟ್ಟಿ

ಬೇರೆ ಹಂತಗಳಿಗೆಲ್ಲ ಕೊಟ್ಟಷ್ಟು ಸಮಯವನ್ನು ಇದೊಂದಕ್ಕೇ ಕೊಡಿ. ಸ್ಯಾಂಡ್ ಕರ್ವ್ ಎಂದರೆ ಮರಳಿನ ದಪ್ಪಕ್ಕೆ ಎದುರಾಗಿ, ಅಷ್ಟು ಮರಳನ್ನು ನೇರವಾಗಿ ದಾಟಲು ತರಂಗಕ್ಕೆ ಬೇಕಾದ ಸಮಯವನ್ನು ತೋರಿಸುವ ರೇಖೆ.

ಈ ರೇಖೆ ಬಾಗಿರುತ್ತದೆ, ನೇರವಾಗಿರುವುದಿಲ್ಲ. ಮೇಲಿನ ಸಡಿಲ ಮರಳಿನ ಕಣಗಳು ಒಂದನ್ನೊಂದು ಅಷ್ಟಾಗಿ ಒತ್ತುವುದಿಲ್ಲ, ಆದ್ದರಿಂದ ಅಲ್ಲಿ ವೇಗ ಕಡಿಮೆ. ಆಳಕ್ಕೆ ಹೋದಂತೆ ಮೇಲಿನ ಮರಳಿನ ಭಾರ ಕಣಗಳನ್ನು ಬಿಗಿಯುತ್ತದೆ, ವೇಗ ಏರುತ್ತದೆ. ಗೋಳಾಕಾರದ ಕಣಗಳ ಸಿದ್ಧಾಂತದ ಪ್ರಕಾರ ವೇಗವು ಆಳದ ಆರನೆಯ ಒಂದು (1/6) ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಕ್ಷೇತ್ರದಲ್ಲಿ ಆ ಘಾತ ಇದಕ್ಕಿಂತ ಸ್ವಲ್ಪ ಹೆಚ್ಚೂ ಬರಬಹುದು.

ಅಂಕಿಗಳಲ್ಲಿ ನೋಡೋಣ. ಒಂದು ಮೀಟರ್ ಆಳದಲ್ಲಿ ವೇಗ ಸೆಕೆಂಡಿಗೆ 400 ಮೀಟರ್ ಎಂದು ಇಟ್ಟುಕೊಂಡು ಆರನೆಯ ಒಂದು ಘಾತದ ನಿಯಮ ಹಚ್ಚಿದರೆ ಹೀಗೆ ಬರುತ್ತದೆ:

5 ಮೀಟರ್ ಮರಳಿಗೆ 11.5 ಮಿಲಿಸೆಕೆಂಡ್
10 ಮೀಟರ್‌ಗೆ 20
20 ಮೀಟರ್‌ಗೆ 36
50 ಮೀಟರ್‌ಗೆ 78
100 ಮೀಟರ್‌ಗೆ 139

ಇವು ವಿವರಣೆಗಾಗಿ ಮಾಡಿದ ಲೆಕ್ಕ. ನಿಮ್ಮ ಪ್ರದೇಶದ ರೇಖೆಯನ್ನು ನೀವೇ ಕಟ್ಟಬೇಕು. ಆದರೂ ಇದರಿಂದ ಒಂದು ಮುಖ್ಯ ಸಂಗತಿ ತಿಳಿಯುತ್ತದೆ. ಮೇಲಿನ 20 ಮೀಟರ್ ದಾಟಲು 36 ಮಿಲಿಸೆಕೆಂಡ್ ಬೇಕು, 80ರಿಂದ 100 ಮೀಟರ್‌ವರೆಗಿನ ಕೊನೆಯ 20 ಮೀಟರ್‌ಗೆ 24 ಸಾಕು. ಈಗ ಯಾರಾದರೂ “100 ಮೀಟರ್‌ಗೆ 139 ಮಿಲಿಸೆಕೆಂಡ್, ಅಂದರೆ ಸರಾಸರಿ ವೇಗ 718” ಎಂದು ಆ ಒಂದೇ ವೇಗವನ್ನು ಎಲ್ಲ ದಿಣ್ಣೆಗಳಿಗೂ ಹಚ್ಚಿದರೆ, 20 ಮೀಟರ್‌ನ ದಿಣ್ಣೆಗೆ 28 ಮಿಲಿಸೆಕೆಂಡ್ ಮಾತ್ರ ಕಳೆದಂತಾಗುತ್ತದೆ. ಕೊರತೆ 8.5 ಮಿಲಿಸೆಕೆಂಡ್. ಶಾಟ್ ಮತ್ತು ರಿಸೀವರ್ ಎರಡೂ ಅಂತಹ ದಿಣ್ಣೆಗಳ ಮೇಲಿದ್ದರೆ 17. ಪ್ರತಿಫಲನದ ಮುಖ್ಯ ಆವೃತ್ತಿ 40 ಹರ್ಟ್ಸ್ ಆದರೆ ಒಂದು ಆವರ್ತ 25 ಮಿಲಿಸೆಕೆಂಡ್, ಅದರ ಅರ್ಧ 12.5. ದೋಷ ಅರ್ಧ ಆವರ್ತವನ್ನು ದಾಟಿತೆಂದರೆ ಸ್ಟ್ಯಾಕ್‌ನಲ್ಲಿ ಶಿಖರದ ಮೇಲೆ ತಗ್ಗು ಬಿದ್ದು ಪ್ರತಿಫಲನ ಅಳಿಸಿಹೋಗುತ್ತದೆ. ಒಂದೇ ವೇಗದ ಸ್ಟಾಟಿಕ್ ಕೈಕೊಡುವುದು ಎತ್ತರದ ದಿಣ್ಣೆಗಳಲ್ಲಲ್ಲ, ಸಣ್ಣ ಮತ್ತು ಮಧ್ಯಮ ದಿಣ್ಣೆಗಳಲ್ಲಿ ಎಂಬುದನ್ನು ಗಮನಿಸಿ. ಎತ್ತರದ ದಿಣ್ಣೆಯ ಮೇಲೆ ಪರೀಕ್ಷಿಸಿ ಸರಿಯಾಯಿತೆಂದು ತೃಪ್ತರಾಗುವವರು ಇಲ್ಲೇ ಎಡವುತ್ತಾರೆ.

ರೇಖೆಗೆ ಬಿಂದುಗಳು ಬರುವುದು ಮೊದಲನೆಯದಾಗಿ ಅಪ್‌ಹೋಲ್‌ಗಳಿಂದ. ಬಾವಿಯಲ್ಲಿ ಬೇರೆ ಬೇರೆ ಆಳದಲ್ಲಿ ಸಿಡಿಸಿ ಮೇಲೆ ಸಮಯ ಅಳೆಯುತ್ತಾರೆ, ಅಥವಾ ಮೇಲೆ ಬಡಿದು ಒಳಗೆ ಅಳೆಯುತ್ತಾರೆ. ಮೇಲಿನ ಜಿಯೋಫೋನ್ (ಕಂಪನ ಗ್ರಹಿಸುವ ಸಾಧನ) ಬಾವಿಯ ಬಾಯಿಂದ ತುಸು ದೂರದಲ್ಲಿರುವುದರಿಂದ ತರಂಗದ ದಾರಿ ಓರೆ. ಅಳೆದ ಸಮಯವನ್ನು ಆಳ ಮತ್ತು ಓರೆದಾರಿಯ ಅನುಪಾತದಿಂದ ಗುಣಿಸಿ ನೇರ ಸಮಯಕ್ಕೆ ತನ್ನಿ. ಎರಡು ಮೀಟರ್ ದೂರದಲ್ಲಿ ಜಿಯೋಫೋನ್ ಇದ್ದರೆ, ಎರಡು ಮೀಟರ್ ಆಳದ ಓದಿಗೆ ಈ ಅನುಪಾತ 0.71, 30 ಮೀಟರ್ ಆಳಕ್ಕೆ 0.998. ಅಂದರೆ ಆಳದಲ್ಲಿ ಏನೂ ಆಗದು, ಮೇಲ್ಭಾಗದಲ್ಲಿ ಬಿಟ್ಟರೆ ರೇಖೆಯ ಬುಡವೇ ಕೆಡುತ್ತದೆ.

ಬಿಂದುಗಳನ್ನು ಎರಡೂ ಅಕ್ಷಗಳಲ್ಲಿ ಲಾಗರಿದಂ ಹಾಕಿ ಗುರುತಿಸಿದರೆ ಅವು ಹೆಚ್ಚುಕಡಿಮೆ ಒಂದು ನೇರ ಗೆರೆಯ ಮೇಲೆ ಕೂರುತ್ತವೆ. ಸಮಯವು ದಪ್ಪದ ಯಾವ ಘಾತಕ್ಕೆ ಅನುಗುಣವಾಗಿದೆ ಎಂಬುದನ್ನು ಗೆರೆಯ ಓರೆ ಹೇಳುತ್ತದೆ. ಸಿದ್ಧಾಂತದ ಪ್ರಕಾರ ಅದು 0.83ರ ಆಸುಪಾಸು. ಒಂದಕ್ಕಿಂತ ಹೆಚ್ಚು ಬಂದರೆ ಆಳಕ್ಕೆ ಹೋದಂತೆ ಮರಳು ಸಡಿಲವಾಗುತ್ತಿದೆ ಎಂದಾಗುತ್ತದೆ. ಹಾಗಿರಲು ಸಾಧ್ಯವಿಲ್ಲ, ದಪ್ಪವನ್ನೋ ಸಮಯವನ್ನೋ ತಪ್ಪಾಗಿ ಓದಿದ್ದೀರಿ.

ಕಷ್ಟವೇನೆಂದರೆ ಕೊರೆಯುವ ಯಂತ್ರ ದಿಣ್ಣೆಯ ತುದಿಗೆ ಸುಲಭವಾಗಿ ಹತ್ತುವುದಿಲ್ಲ, ಸಡಿಲ ಮರಳಿನಲ್ಲಿ ಬಾವಿ ನಿಲ್ಲುವುದೂ ಇಲ್ಲ. ಹಾಗಾಗಿ ಅಪ್‌ಹೋಲ್‌ಗಳು ಹೆಚ್ಚಾಗಿ ತಗ್ಗಿನಲ್ಲೇ ಇರುತ್ತವೆ, ರೇಖೆಯ ದಪ್ಪ ಮರಳಿನ ಭಾಗ ಖಾಲಿ ಉಳಿಯುತ್ತದೆ. 40 ಮೀಟರ್‌ವರೆಗಿನ ಬಿಂದುಗಳಿಂದ 150 ಮೀಟರ್‌ಗೆ ರೇಖೆಯನ್ನು ಎಳೆದುಬಿಡಬೇಡಿ. ಖಾಲಿ ಭಾಗವನ್ನು ವಕ್ರೀಭವನದ ವಿಳಂಬದಿಂದ ತುಂಬಬಹುದು. ಆರನೆಯ ಹಂತದಲ್ಲಿ ವಿವರಿಸಿದ್ದೇನೆ.

ಹಳೆಯ, ಅರ್ಧ ಕಲ್ಲಾದ ದಿಣ್ಣೆಗಳ ಮೇಲೆ ಹೊಸ ಮರಳು ಕೂತಿರುವ ಜಾಗಗಳಿಗೆ ಪ್ರತ್ಯೇಕ ರೇಖೆ ಬೇಕು. ಅಲ್ಲಿ ವೇಗ ಹೆಚ್ಚು. ಸಡಿಲ ಮರಳಿನ ರೇಖೆಯನ್ನೇ ಬಳಸಿದರೆ ಮಿತಿಮೀರಿ ತಿದ್ದಿದಂತಾಗಿ, ಕೆಳಗೆ ಇಲ್ಲದ ಉಬ್ಬು ಮೂಡುತ್ತದೆ.

ಹಂತ 5: ಸ್ಟಾಟಿಕ್ ಲೆಕ್ಕ ಹಾಕಿ

ಲೆಕ್ಕ ಎರಡು ಹೆಜ್ಜೆಯದು. ಮೊದಲು ಬಿಂದುವನ್ನು ಮರಳಿನ ಮೇಲಿಂದ ತಳಕ್ಕೆ ಇಳಿಸಿ, ಆಮೇಲೆ ತಳದಿಂದ ಡೇಟಮ್‌ಗೆ (ಎಲ್ಲ ಬಿಂದುಗಳನ್ನೂ ತಂದು ನಿಲ್ಲಿಸುವ ಉಲ್ಲೇಖ ಮಟ್ಟ) ಬದಲಿ ವೇಗದಲ್ಲಿ (ಮರಳಿನ ಬದಲು ಗಟ್ಟಿ ನೆಲವಿದೆ ಎಂದು ಹಿಡಿಯುವ ವೇಗ) ಒಯ್ಯಿರಿ.

ತಳ ಸಮುದ್ರಮಟ್ಟದಿಂದ 80 ಮೀಟರ್, ಡೇಟಮ್ 100 ಮೀಟರ್, ಬದಲಿ ವೇಗ ಸೆಕೆಂಡಿಗೆ 2,000 ಮೀಟರ್ ಎಂದು ಇಟ್ಟುಕೊಳ್ಳಿ. ರಿಸೀವರ್ 180 ಮೀಟರ್ ಎತ್ತರದ ದಿಣ್ಣೆಯ ತುದಿಯಲ್ಲಿದೆ, ಅಂದರೆ ಕೆಳಗೆ 100 ಮೀಟರ್ ಮರಳು. ಮರಳಿಗಾಗಿ ಋಣ 139, ತಳದಿಂದ ಡೇಟಮ್‌ಗೆ ಏರಲು ಧನ 10, ಒಟ್ಟು ಋಣ 129 ಮಿಲಿಸೆಕೆಂಡ್. ಶಾಟ್ ಸಬ್ಖಾದ ಮೇಲೆ 80 ಮೀಟರ್‌ನಲ್ಲಿದೆ. ಅದರ ಸ್ಟಾಟಿಕ್ ಧನ 10. ಆ ಟ್ರೇಸ್‌ಗೆ ಒಟ್ಟು ಋಣ 119. ಮರಳನ್ನು ಲೆಕ್ಕಕ್ಕೇ ಹಿಡಿಯದೆ ಬರೀ ಎತ್ತರದ ಸ್ಟಾಟಿಕ್ ಹಾಕಿದ್ದರೆ ರಿಸೀವರ್‌ಗೆ ಋಣ 40 ಮಾತ್ರ ಬರುತ್ತಿತ್ತು. ಉಳಿದ 89 ಮಿಲಿಸೆಕೆಂಡ್ ತಪ್ಪು ಮೂರೂವರೆ ಆವರ್ತಗಳಷ್ಟಾಯಿತು, ಇದನ್ನು ಯಾವ ಉಳಿಕೆ ಸ್ಟಾಟಿಕ್ಕೂ ಹಿಂದಕ್ಕೆ ತರಲಾರದು.

ತರಂಗ ಮರಳಿನಲ್ಲಿ ನೇರವಾಗಿಯೇ ಚಲಿಸುತ್ತದೆ ಎಂಬ ಊಹೆ ಎಷ್ಟು ಸರಿ ಎಂದು ಕೇಳುವವರಿಗೆ: ಆಳದಲ್ಲಿ ವೇಗ 4,000, ಅಲ್ಲಿ ತರಂಗ 20 ಡಿಗ್ರಿ ಓರೆಯಾಗಿ ಬರುತ್ತಿದೆ ಎಂದುಕೊಂಡರೂ, 800ರ ವೇಗದ ಮರಳನ್ನು ಹೊಕ್ಕ ಮೇಲೆ ಅದರ ಓರೆ ನಾಲ್ಕು ಡಿಗ್ರಿಗೆ ಇಳಿಯುತ್ತದೆ. ಆಳದ ಪ್ರತಿಫಲನಗಳಿಗೆ ಊಹೆ ಧೈರ್ಯವಾಗಿ ನಿಲ್ಲುತ್ತದೆ.

ಸ್ಟಾಟಿಕ್ ಸಿಕ್ಕ ಮೇಲೆ ಒಮ್ಮೆಗೇ ಅಂತಿಮ ಡೇಟಮ್‌ಗೆ ಸರಿಸಬೇಡಿ. ಒಂದು ಸ್ಪ್ರೆಡ್‌ನಷ್ಟು (ಒಂದು ಶಾಟ್‌ಗೆ ಹರಡಿದ ರಿಸೀವರ್ ಸಾಲಿನಷ್ಟು) ಅಗಲಕ್ಕೆ ನಯಗೊಳಿಸಿದ, ನೆಲದೊಂದಿಗೆ ಏರಿಳಿಯುವ ತೇಲು ಡೇಟಮ್ ಮಾಡಿಕೊಂಡು, ಅದಕ್ಕೆ ಸಂಬಂಧಿಸಿದ ಸಣ್ಣ ಏರಿಳಿತಗಳನ್ನು ಮಾತ್ರ ಈಗ ಅನ್ವಯಿಸಿ. ವೇಗ ವಿಶ್ಲೇಷಣೆ (ಪ್ರತಿಫಲನಗಳ ಬಾಗು ನೋಡಿ ಭೂಮಿಯೊಳಗಿನ ವೇಗ ಆರಿಸುವುದು) ಅಲ್ಲಿಂದಲೇ ನಡೆಯಬೇಕು. ನೆಲದಿಂದ ದೂರದ ಡೇಟಮ್‌ನಲ್ಲಿ ನಿಂತು ವೇಗ ಆರಿಸಿದರೆ ಅದು ಭೂಮಿಯ ವೇಗವಾಗಿರುವುದಿಲ್ಲ.

ಹಂತ 6: ಮೊದಲ ಆಗಮನಗಳಿಂದ ತಾಳೆ ನೋಡಿ

ವೈಬ್ರೇಟರ್ ದತ್ತಾಂಶದ ವೇವ್‌ಲೆಟ್ (ಒಂದು ಕಂಪನದ ಅಲೆ ತುಣುಕು) ಶೂನ್ಯ ಹಂತದ್ದು, ಅಂದರೆ ಶಿಖರದ ಎರಡೂ ಬದಿ ಸಮನಾದದ್ದು, ಅದರ ಮುಂಚೆಯೂ ಹಿಂದೆಯೂ ಮರಿ ಅಲೆಗಳಿರುತ್ತವೆ. ಮೊದಲ ಕದಲಿಕೆಯನ್ನು ಆರಿಸಲು ಹೋದರೆ ಮರಿ ಅಲೆಯನ್ನೇ ಹಿಡಿಯುತ್ತೀರಿ. ಕನಿಷ್ಠ ಹಂತಕ್ಕೆ (ಶಕ್ತಿ ಆರಂಭದಲ್ಲೇ ಇರುವ ಆಕಾರಕ್ಕೆ) ಪರಿವರ್ತಿಸಿ ಆರಿಸಿ, ಇಲ್ಲವೇ ಉದ್ದಕ್ಕೂ ಶಿಖರವನ್ನೇ ಆರಿಸಿ. ಎರಡನ್ನೂ ಬೆರೆಸಬೇಡಿ. ಒಂದೇ ಸಮೀಕ್ಷೆಯಲ್ಲಿ ಕೆಲವು ಕಡೆ ಸ್ಫೋಟಕ, ಕೆಲವು ಕಡೆ ವೈಬ್ರೇಟರ್ ಬಳಸಿದ್ದರೆ ಎರಡರ ನಡುವಿನ ಸ್ಥಿರ ಅಂತರವನ್ನು ಮೊದಲೇ ಕಂಡುಹಿಡಿದು ಕಳೆಯಿರಿ.

ಆರಿಸಿದ ಸಮಯಗಳಿಂದ ಪ್ರತಿ ರಿಸೀವರ್‌ನ ವಕ್ರೀಭವನ ವಿಳಂಬವನ್ನು (ಗಟ್ಟಿ ತಳದಲ್ಲಿ ಓಡಿದ ಅಲೆಗೆ ಮರಳನ್ನು ಹತ್ತಲು ಬೇಕಾದ ಹೆಚ್ಚುವರಿ ಸಮಯ) ಲೆಕ್ಕ ಹಾಕಿ, ಮರಳಿನ ದಪ್ಪಕ್ಕೆ ಎದುರಾಗಿ ಗುರುತಿಸಿ. ಈ ಬಿಂದುಗಳ ಮೋಡವೇ ಅಪ್‌ಹೋಲ್ ಇಲ್ಲದ ದಪ್ಪಗಳಿಗೆ ಸ್ಯಾಂಡ್ ಕರ್ವ್ ಕೊಡುತ್ತದೆ. ಒಂದು ಎಚ್ಚರ: ವಕ್ರೀಭವನದ ವಿಳಂಬ ನೇರ ಸಮಯಕ್ಕೆ ಸಮವಲ್ಲ, ಸ್ವಲ್ಪ ಕಡಿಮೆ. ಮರಳಿನಲ್ಲಿ 720, ತಳದಲ್ಲಿ 2,000 ವೇಗವಾದರೆ ವಿಳಂಬ ನೇರ ಸಮಯದ 0.93ರಷ್ಟು. 139 ಮಿಲಿಸೆಕೆಂಡ್‌ನಲ್ಲಿ ಒಂಬತ್ತೋ ಹತ್ತೋ ಮಿಲಿಸೆಕೆಂಡ್ ಕಾಣೆಯಾಗುವಷ್ಟು ವ್ಯತ್ಯಾಸವಿದು. ಪರಿವರ್ತಿಸದೆ ಬಳಸಬೇಡಿ.

ಟೊಮೊಗ್ರಫಿಯನ್ನು ಕಣ್ಣುಮುಚ್ಚಿ ನಂಬುವುದೂ ಬೇಡ. ರಿಸೀವರ್‌ಗಳು 25 ಅಥವಾ 50 ಮೀಟರ್‌ಗೊಂದು ಇರುವಾಗ ಮರಳಿನೊಳಗೇ ಚಲಿಸಿ ಬರುವ ಕಿರಣಗಳು ಹೆಚ್ಚುಕಡಿಮೆ ಸಿಗುವುದೇ ಇಲ್ಲ. ಬಂದ ಕಿರಣಗಳೆಲ್ಲ ಗಟ್ಟಿ ನೆಲದಲ್ಲಿ ಓಡಿ ಕೊನೆಗೆ ಮರಳನ್ನು ಹತ್ತಿದವು. ಹಾಗಾಗಿ ಮರಳು ಎಷ್ಟು ದಪ್ಪ, ಎಷ್ಟು ನಿಧಾನ ಎಂಬ ಎರಡನ್ನೂ ಬೇರ್ಪಡಿಸಲು ಟೊಮೊಗ್ರಫಿಗೆ ಆಧಾರವಿಲ್ಲ. ಹಂತ 3ರ ತಳವನ್ನೂ ಹಂತ 4ರ ವೇಗವನ್ನೂ ಆರಂಭದ ಮಾದರಿಯಾಗಿ ಕೊಟ್ಟು, ಮರಳಿನ ಪದರವನ್ನು ಬಿಗಿಯಾಗಿ ಹಿಡಿದು, ಕೆಳಗಿನದನ್ನು ಮಾತ್ರ ಹುಡುಕಲು ಬಿಡಿ.

ಹಂತ 7: ಗದ್ದಲ ಮತ್ತು ಬಲ

ಮರಳಿನ ಮೇಲ್ಮೈ ಅಲೆ ಸೆಕೆಂಡಿಗೆ 250 ಮೀಟರ್‌ನಂತೆ ಬಂದರೆ, 25 ಮೀಟರ್ ಅಂತರದ ರಿಸೀವರ್‌ಗಳಲ್ಲಿ 5 ಹರ್ಟ್ಸ್‌ಗಿಂತ ಮೇಲಿನದೆಲ್ಲ ಏಲಿಯಾಸ್ ಆಗಿ ಸುಳ್ಳು ವೇಗದಲ್ಲಿ ಕಾಣಿಸಿಕೊಳ್ಳುತ್ತದೆ. ವೇಗ ನೋಡಿ ಶೋಧಿಸುವ ಎಫ್‌-ಕೆ ಫಿಲ್ಟರ್ ಅದನ್ನು ಪ್ರತಿಫಲನವೆಂದು ಬಗೆದು ಬಿಟ್ಟುಬಿಡಬಹುದು. ದಿಣ್ಣೆಯ ಕಡಿದಾದ ಮುಖಕ್ಕೆ ಬಡಿದು ಹಿಂದಿರುಗುವ ಅಲೆಗಳು ಬೇರೆ ಸೇರುತ್ತವೆ. ಫಿಲ್ಟರನ್ನು ಮೃದುವಾಗಿ ಹಚ್ಚಿ, ತೆಗೆದುಹಾಕಿದ ಭಾಗವನ್ನು ಪ್ರತ್ಯೇಕವಾಗಿ ಚಿತ್ರಿಸಿ ನೋಡಿ. ಅದರಲ್ಲಿ ಬಾಗಿದ ಪ್ರತಿಫಲನ ಕಂಡರೆ ಹೆಚ್ಚಾಯಿತು.

ಒಣ ಮರಳು ಹೆಚ್ಚಿನ ಆವೃತ್ತಿಗಳನ್ನು ನುಂಗುತ್ತದೆ. ದಿಣ್ಣೆಯ ಮೇಲಿನ ಟ್ರೇಸ್‌ಗಳು ಕ್ಷೀಣವೂ ಮಂದವೂ ಆಗಿರುತ್ತವೆ. ಬಲದ ತಿದ್ದುಪಡಿ ಮತ್ತು ಡಿಕನ್ವಲ್ಯೂಷನ್ (ವೇವ್‌ಲೆಟನ್ನು ಚೂಪಾಗಿಸುವುದು) ಎರಡನ್ನೂ ಶಾಟ್, ರಿಸೀವರ್‌ಗಳಿಗೆ ಪ್ರತ್ಯೇಕವಾಗಿ ಹಂಚುವ ವಿಧಾನದಲ್ಲೇ ಮಾಡಿ, ಉಳಿಕೆ ಸ್ಟಾಟಿಕ್‌ಗಿಂತ ಮೊದಲೇ ಮಾಡಿ. ವೇವ್‌ಲೆಟ್‌ನ ಆಕಾರ ಬೇರೆ ಬೇರೆಯಾಗಿದ್ದರೆ ಹೋಲಿಕೆಯ ಲೆಕ್ಕ ಅದನ್ನೂ ಸಮಯದ ವ್ಯತ್ಯಾಸವೆಂದೇ ಓದುತ್ತದೆ.

ಹಂತ 8: ಈಗ ಉಳಿಕೆ ಸ್ಟಾಟಿಕ್

ಕ್ರಮ ಹೀಗಿರಲಿ: ವೇಗ ವಿಶ್ಲೇಷಣೆ, ಉಳಿಕೆ ಸ್ಟಾಟಿಕ್, ಮತ್ತೆ ವೇಗ, ಮತ್ತೆ ಉಳಿಕೆ. ಸಾಮಾನ್ಯವಾಗಿ ಎರಡು ಮೂರು ಸುತ್ತು ಸಾಕು. ಪ್ರತಿ ಸುತ್ತಿಗೆ ಬದಲಾವಣೆ ಚಿಕ್ಕದಾಗುತ್ತಾ ಹೋಗಬೇಕು. ದೊಡ್ಡದಾಗುತ್ತಿದ್ದರೆ ನಿಲ್ಲಿಸಿ ಹಂತ 4ಕ್ಕೆ ಮರಳಿ.

ಹೋಲಿಕೆಗೆ ಆರಿಸುವ ಸಮಯದ ಕಿಟಕಿಯಲ್ಲಿ ಬಲವಾದ, ನಂಬುವಂತಹ ಪ್ರತಿಫಲನಗಳಿರಲಿ, ಮೊದಲ ಆಗಮನಗಳು ನುಸುಳದಿರಲಿ. ಒಮ್ಮೆಗೆ ಸರಿಯಲು ಬಿಡುವ ಮಿತಿಯನ್ನು ಅರ್ಧ ಆವರ್ತದೊಳಗೆ ಇಡಿ. 40 ಹರ್ಟ್ಸ್‌ಗೆ 12 ಮಿಲಿಸೆಕೆಂಡ್. “ಮಿತಿ ಹೆಚ್ಚಿಸಿದರೆ ಸರಿಹೋದೀತು” ಎಂಬ ಆಸೆಯಿಂದ 40, 50 ಕೊಡುವುದು ಟ್ರೇಸ್‌ಗಳನ್ನು ಒಂದು ಇಡೀ ಆವರ್ತದಷ್ಟು ತಪ್ಪು ಜಾಗಕ್ಕೆ ಹಾರಿಸುವ ದಾರಿ.

ಪ್ರತಿ ಸುತ್ತಿನ ನಂತರ ಎರಡು ಚಿತ್ರಗಳನ್ನು ಬರೆಯಿರಿ. ಒಂದು, ಉಳಿಕೆ ಸ್ಟಾಟಿಕ್‌ಗಳ ಹಂಚಿಕೆಯ ಚಿತ್ರ. ಅದಕ್ಕೆ ಸೊನ್ನೆಯ ಸುತ್ತ ಒಂದೇ ಗುಡ್ಡ ಇರಬೇಕು. ಎರಡೂ ಬದಿ 25 ಮಿಲಿಸೆಕೆಂಡ್‌ನ ಆಸುಪಾಸಿನಲ್ಲಿ ಮರಿ ಗುಡ್ಡಗಳು ಎದ್ದಿದ್ದರೆ ಆವರ್ತ ಹಾರಿದೆ. ಇನ್ನೊಂದು, ಉಳಿಕೆ ಸ್ಟಾಟಿಕ್‌ನ ಎದುರು ಮರಳಿನ ದಪ್ಪ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದಕ್ಕಿಂತ ಉಪಯುಕ್ತವಾದ ಚಿತ್ರವಿಲ್ಲ. ಬಿಂದುಗಳು ಯಾವ ಓರೆಯೂ ಇಲ್ಲದೆ ಚದುರಿದ್ದರೆ ಸ್ಯಾಂಡ್ ಕರ್ವ್ ಸರಿಯಿದೆ. ದಪ್ಪ ಹೆಚ್ಚಿದಂತೆ ಉಳಿಕೆ ಏರುತ್ತಲೋ ಇಳಿಯುತ್ತಲೋ ಇದ್ದರೆ, ರೇಖೆ ಮಾಡಬೇಕಾದ ಕೆಲಸವನ್ನು ಉಳಿಕೆ ಸ್ಟಾಟಿಕ್ ಮಾಡಲು ಹೊರಟಿದೆ ಎಂದರ್ಥ. ಅದನ್ನು ಅನ್ವಯಿಸದೆ ಎಸೆದು, ರೇಖೆಯನ್ನು ತಿದ್ದಿ ಬನ್ನಿ.

ಹಂತ 9: ಸುಳ್ಳು ರಚನೆಯ ಪರೀಕ್ಷೆ ಮತ್ತು ಅಂತಿಮ ಡೇಟಮ್

ಸ್ಟ್ಯಾಕ್ ಸೊಗಸಾಗಿದೆ ಎಂಬುದು ಸ್ಟಾಟಿಕ್ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಅಗಲವಾದ ದೋಷದಲ್ಲಿ ಪಕ್ಕಪಕ್ಕದ ಟ್ರೇಸ್‌ಗಳೆಲ್ಲ ಸಮನಾಗಿ ತಪ್ಪಿರುತ್ತವೆ, ಆದ್ದರಿಂದ ಚೆನ್ನಾಗಿಯೇ ಕೂಡುತ್ತವೆ. ಶಾಟ್ ಕಡೆ 5, ರಿಸೀವರ್ ಕಡೆ 5 ಮಿಲಿಸೆಕೆಂಡ್ ತಪ್ಪು ಉಳಿದರೂ, 4,000 ವೇಗದ ಶಿಲೆಯಲ್ಲಿ ಅದು 20 ಮೀಟರ್ ಎತ್ತರದ ರಚನೆಯಾಗಿ ಕಾಣುತ್ತದೆ. ಕಡಿಮೆ ಎತ್ತರದ ಉಬ್ಬು ರಚನೆಗಳನ್ನು ಹುಡುಕುವ ಪ್ರದೇಶದಲ್ಲಿ ಇಷ್ಟು ಸಾಕು, ಒಂದು ಬಾವಿ ವ್ಯರ್ಥವಾಗಲು.

ಪರೀಕ್ಷೆಗಳು ಸರಳ. ಒಂದು ಪದರದ ಸಮಯ ನಕ್ಷೆಯನ್ನು ಮರಳಿನ ದಪ್ಪದ ನಕ್ಷೆಯ ಪಕ್ಕದಲ್ಲಿಡಿ. ದಿಣ್ಣೆಗಳ ದಿಕ್ಕು, ಅಂತರ ಸಮಯ ನಕ್ಷೆಯಲ್ಲೂ ಕಂಡರೆ ಅದು ಭೂವಿಜ್ಞಾನವಲ್ಲ, ಗಾಳಿ ಬರೆದ ವಿನ್ಯಾಸ. ಆಮೇಲೆ ಮೇಲಿನ, ಮಧ್ಯದ, ಆಳದ ಮೂರು ಪದರಗಳಲ್ಲಿ ಅನುಮಾನದ ಉಬ್ಬನ್ನು ಅಳೆಯಿರಿ. ನಿಜವಾದ ರಚನೆ ಆಳದೊಂದಿಗೆ ಸಾಮಾನ್ಯವಾಗಿ ಬದಲಾಗುತ್ತದೆ. ಮೂರರಲ್ಲೂ ಉಬ್ಬು ಅಷ್ಟೇ ಮಿಲಿಸೆಕೆಂಡ್ ಇದ್ದರೆ ದೋಷ ನೆಲದ ಮೇಲಿದೆ.

ಇವೆರಡರಲ್ಲೂ ಗೆದ್ದರೆ, ತೇಲು ಡೇಟಮ್‌ನಿಂದ ಮೈಗ್ರೇಷನ್ (ಪ್ರತಿಫಲನಗಳನ್ನು ಅವುಗಳ ನಿಜವಾದ ಜಾಗಕ್ಕೆ ಒಯ್ಯುವುದು) ಮುಗಿಸಿ, ಹಂತ 5ರಲ್ಲಿ ಅನ್ವಯಿಸದೆ ಉಳಿಸಿಕೊಂಡಿದ್ದ ಸ್ಟಾಟಿಕ್‌ನ ಅಗಲವಾದ, ನಯವಾದ ಭಾಗವನ್ನು ಸೇರಿಸಿ ಅಂತಿಮ ಡೇಟಮ್‌ಗೆ ಒಯ್ಯಿರಿ. ಮರಳಿನ ಸ್ಟಾಟಿಕ್, ಉಳಿಕೆ, ಡೇಟಮ್ ಸರಿತ ಮೂರನ್ನೂ ಹೆಡರ್‌ನಲ್ಲಿ ಬೇರೆ ಬೇರೆಯಾಗಿಡಿ. ಒಟ್ಟುಗೂಡಿಸಿದ ಒಂದೇ ಅಂಕಿಯಿಂದ ಮುಂದಿನವರಿಗೆ ಏನನ್ನೂ ಬಿಡಿಸಲಾಗದು. ವ್ಯಾಖ್ಯಾನಕಾರರಿಗೆ ಸ್ಟ್ಯಾಕ್‌ನೊಂದಿಗೆ ಸ್ಯಾಂಡ್ ಕರ್ವ್‌ನ ಗುಣಾಂಕಗಳು, ತಳದ ಮೇಲ್ಮೈ, ಬದಲಿ ವೇಗ, ಮರಳಿನ ದಪ್ಪದ ನಕ್ಷೆ ಇಷ್ಟನ್ನೂ ಕಳುಹಿಸಿ. ಅಪ್‌ಹೋಲ್ ಇಲ್ಲದೆ ರೇಖೆಯನ್ನು ಮುಂದುವರಿಸಿದ ಜಾಗಗಳನ್ನು ಆ ನಕ್ಷೆಯ ಮೇಲೆ ಬೇರೆ ಬಣ್ಣದಲ್ಲಿ ಗುರುತಿಸಿರಿ.